ಹವಾ ಎಷ್ಟು, ಹಾಡು ಎಷ್ಟು: ದೊಡ್ಡ ಹೆಸರಿನವರನ್ನು ತೂಗಿ ನೋಡುವ ಬಗೆ

ವಿಜಯಪುರದಲ್ಲಿ ನನ್ನದು ಮೈಕ್ ಸೆಟ್ ದಂಧೆ, ಇಪ್ಪತ್ತಾರು ವರ್ಷ ಆಯಿತು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ, ಆಮೇಲೆ ಸುತ್ತಲಿನ ಹಳ್ಳಿಗಳ ಜಾತ್ರೆ, ಉರುಸು, ಮದುವೆ, ಗಣಪತಿ, ನಡುನಡುವೆ ಚುನಾವಣೆಯ ಭಾಷಣ. ಹೆಡ್‌ಫೋನ್ ಹಾಕಿಕೊಂಡು ಮಿಕ್ಸರ್ ಮುಂದೆ ಕುಳಿತವನಿಗೆ ಹಾಡುವವರ ಉಸಿರು, ಕೆಮ್ಮು, ನುಂಗಿದ ಅಕ್ಷರ ಎಲ್ಲ ಕೇಳುತ್ತದೆ. ಹೀಗಾಗಿ ದೊಡ್ಡ ಹೆಸರು ಅಂದರೆ ನನಗೆ ಮೊದಲೇ ಅನುಮಾನ. ಚಹಾದಂಗಡಿಯಲ್ಲಿ ಯಾರಾದರೂ ಒಬ್ಬ ಗಾಯಕನನ್ನು ಹೊಗಳಿದರೆ ಸಾಕು, "ಅದು ಹಾಡಲ್ರಿ, ಬರೇ ಹವಾ" ಅಂದುಬಿಡುವ ಚಟ.

ಆ ಚಟಕ್ಕೆ ಪೆಟ್ಟು ಕೊಟ್ಟವನು ನನ್ನ ಅಕ್ಕನ ಮಗ. ಇಂಜಿನಿಯರಿಂಗ್ ಓದುತ್ತಾನೆ. 2024ರ ಸೆಪ್ಟೆಂಬರಿನಲ್ಲಿ ಕೋಲ್ಡ್‌ಪ್ಲೇ ಬ್ಯಾಂಡಿನ ಮುಂಬೈ ಕಾರ್ಯಕ್ರಮಕ್ಕೆ ಟಿಕೆಟ್ ಬಿಟ್ಟ ದಿನ ನನ್ನ ಅಂಗಡಿಯಲ್ಲೇ ಕುಳಿತಿದ್ದ. ನನ್ನದೂ ಸೇರಿ ಮೂರು ಮೊಬೈಲಿನಲ್ಲಿ ಪಾಳಿ ಹಚ್ಚಿದ್ದ. ಅವನ ಮುಂದೆ ಲಕ್ಷಗಟ್ಟಲೆ ಜನ. ಅಗ್ಗದ ಟಿಕೆಟ್ಟೇ 2,500 ರೂಪಾಯಿ. ಸಿಗಲಿಲ್ಲ. ಹುಡುಗ ಮುಖ ಸಣ್ಣದು ಮಾಡಿಕೊಂಡು ಕುಳಿತ. ಸಮಾಧಾನ ಹೇಳುವುದು ಬಿಟ್ಟು ನಾನು, "ಹೋಗ್ಲಿ ಬಿಡೋ, ಅವರದೆಲ್ಲಾ ಹವಾ. ಓವರ್‌ರೇಟೆಡ್" ಅಂದೆ.

"ಮಾಮಾ, ಅವರದು ಒಂದರ ಹಾಡು ಪೂರ್ತಿ ಕೇಳೀಯೇನು?"

ಕೇಳಿರಲಿಲ್ಲ. ಯಾವುದೋ ಜಾಹೀರಾತಿನಲ್ಲಿ ಹತ್ತು ಸೆಕೆಂಡು ಕೇಳಿದ ನೆನಪು, ಅದೂ ಅವರದೇ ಹೌದೋ ಅಲ್ಲವೋ ಗೊತ್ತಿಲ್ಲ. ನನ್ನ ಅಂಗಡಿಗೆ ಬಂದು ಸ್ಪೀಕರಿನ ಬಣ್ಣ ನೋಡಿ "ಇದು ಛಲೋ ಇಲ್ರಿ" ಅನ್ನುವ ಗಿರಾಕಿಗೂ ನನಗೂ ಏನು ಫರಕು?

ಅಂದಿನಿಂದ ಒಂದಿಷ್ಟು ಪದ್ಧತಿ ಹಾಕಿಕೊಂಡಿದ್ದೇನೆ. ಹೆಸರಾಂತ ಬ್ಯಾಂಡೋ ಗಾಯಕನೋ ಸಿಕ್ಕರೆ ಹೀಗೆ ತೂಗುತ್ತೇನೆ. ನಿಮಗೂ ಉಪಯೋಗ ಬಂದೀತು, ಅದರಲ್ಲೂ ಊರ ಜಾತ್ರೆಗೆ ಕಲಾವಿದರನ್ನು ಕರೆಸುವ ಕಮಿಟಿಯಲ್ಲಿ ಇದ್ದರೆ.

ಮೂರು ಹಾಡು, ಪೂರ್ತಿ

ಒಂದು ಎಲ್ಲರ ಬಾಯಲ್ಲಿರುವ ಹಾಡು. ಒಂದು ಅವರು ಇನ್ನೂ ಹೆಸರು ಮಾಡುವ ಮೊದಲಿನದು. ಇನ್ನೊಂದು ಜನರ ಮುಂದೆ ನಿಂತು ಹಾಡಿದ್ದು, ಸ್ಟುಡಿಯೋದ್ದಲ್ಲ. ಮೂರನ್ನೂ ಕೊನೆಯವರೆಗೆ ಕೇಳಿ, ಎರಡು ದಿನ ಬಿಟ್ಟು ಮತ್ತೊಮ್ಮೆ ಕೇಳಿ. ಮೊದಲ ಸಲ ಕೇಳುವಾಗ ನಮ್ಮ ಕಿವಿ ಹಾಡಿಗಿಂತ ಹೆಚ್ಚು ಆ ಹೆಸರಿನ ಜತೆ ಕುಸ್ತಿ ಹಿಡಿದಿರುತ್ತದೆ.

ಪೂರ್ತಿ ಅಂತ ಒತ್ತಿ ಹೇಳಲು ಕಾರಣ ಉಂಟು. ಸ್ಪಾಟಿಫೈಯಂಥ ಕಡೆ ಹಾಡು ಮೂವತ್ತು ಸೆಕೆಂಡು ಓಡಿದರೆ ಒಂದು ಲೆಕ್ಕ ಬಿತ್ತು. ಹೀಗಾಗಿ ಈಗ ಸಂಗೀತ ಮಾಡುವವರು ಸರಕೆಲ್ಲವನ್ನೂ ಬಾಗಿಲಲ್ಲೇ ಹರವುತ್ತಾರೆ, ಒಳಗೆ ಹೋದರೆ ಖಾಲಿ ಕೋಣೆ. ಹಳೆಯ ಹಾಡುಗಳಲ್ಲಿ ಇದಕ್ಕೆ ಉಲ್ಟಾ. ಮೊದಲ ನಿಮಿಷ ಏನೂ ಇಲ್ಲ ಅನ್ನಿಸಿ, ಎರಡನೇ ಚರಣಕ್ಕೆ ಬರುವಾಗ ಕೊರಳು ಹಿಡಿಯುತ್ತದೆ. ಮೂವತ್ತು ಸೆಕೆಂಡಿಗೆ ತೀರ್ಪು ಕೊಟ್ಟರೆ ಎರಡೂ ಕಡೆ ಮೋಸ.

ಭಾಷೆ ತಿಳಿಯದಿದ್ದರೆ ಪದದ ಬಗ್ಗೆ ಮಾತಾಡಬೇಡಿ, ಅಷ್ಟೆ. ಕೊರಿಯಾದ ಹುಡುಗರ ಹಾಡಿಗೆ "ಅರ್ಥನೇ ಇಲ್ಲ" ಅಂದೆ ಒಮ್ಮೆ. "ನಿನಗ ಅರ್ಥ ಆಗಿಲ್ಲ ಅನ್ನು ಮಾಮಾ" ಅಂತ ತಿದ್ದಿದ.

ದನಿ ಸಮ ಮಾಡಿ

ಇದು ನಮ್ಮ ದಂಧೆಯ ಗುಟ್ಟು, ಹೇಳಿಬಿಡುತ್ತೇನೆ. ಒಂದೇ ಹಾಡನ್ನು ಎರಡು ಸಲ ಹಚ್ಚಿ, ಎರಡನೇ ಸಲ ವಾಲ್ಯೂಮನ್ನು ಒಂಚೂರು, ಗೊತ್ತಾಗದಷ್ಟು, ಏರಿಸಿ. ಹತ್ತರಲ್ಲಿ ಎಂಟು ಮಂದಿ ಎರಡನೆಯದೇ ಛಲೋ ಅನ್ನುತ್ತಾರೆ. ಜೋರು ಅಂತ ಯಾರೂ ಅನ್ನುವುದಿಲ್ಲ. "ಕ್ಲಿಯರ್ ಅದ", "ಬೇಸ್ ಮಸ್ತ್ ಅದ" ಅನ್ನುತ್ತಾರೆ. ಸ್ಪೀಕರ್ ಮಾರುವವರು ತುಟ್ಟಿ ಮಾಲನ್ನು ತುಸು ಜೋರಾಗಿ ಬಾರಿಸಿ ತೋರಿಸುವುದು ಇದಕ್ಕೇ. ನಾನೂ ಮಾಡಿದ್ದುಂಟು.

ಸಂಗೀತ ಕಂಪನಿಗಳೂ ವರ್ಷಗಟ್ಟಲೆ ಇದನ್ನೇ ಮಾಡಿದವು. ನಮ್ಮ ಹಾಡು ಪಕ್ಕದವರದಕ್ಕಿಂತ ಜೋರಾಗಿ ಕೇಳಲಿ ಅಂತ ಮೆಲುದನಿಯನ್ನೆಲ್ಲ ಎತ್ತಿ ಗಟ್ಟಿದನಿಗೆ ಸಮ ಮಾಡಿಟ್ಟರು. ಮೆಟಾಲಿಕಾ ಬ್ಯಾಂಡಿನ 2008ರ ಆಲ್ಬಂ ಬಂದಾಗ ಇದು ಬಯಲಾಯಿತು. ಅದೇ ಹಾಡುಗಳು ಒಂದು ವಿಡಿಯೋ ಗೇಮಿನಲ್ಲೂ ಬಂದಿದ್ದವು. ಸಿಡಿಗಿಂತ ಗೇಮಿನದ್ದೇ ಕೇಳಲು ಹಿತವಾಗಿದೆ ಅಂತ ಕಂಡುಹಿಡಿದವರು ಅವರ ಅಭಿಮಾನಿಗಳೇ. ಬ್ಯಾಂಡು ಅದೇ, ಬಾರಿಸಿದ್ದೂ ಅದೇ, ಹಿಂಡಿದ್ದು ಮಾತ್ರ ಬೇರೆ. ಹಾಗಾಗಿ "ಈ ಬ್ಯಾಂಡು ತಲೆ ನೋಯಿಸುತ್ತದೆ" ಅನ್ನುವ ಮೊದಲು ತಲೆ ನೋಯಿಸಿದ್ದು ಬ್ಯಾಂಡೋ ಅಥವಾ ಮಿಕ್ಸಿಂಗ್ ಮಾಡಿದವನೋ ನೋಡಿಕೊಳ್ಳಿ.

ನೀವು ಮಾಡಬೇಕಾದದ್ದು ಸಣ್ಣದು. ಇಬ್ಬರನ್ನು ಹೋಲಿಸುವಾಗ ಒಂದೇ ಸ್ಪೀಕರ್ ಇರಲಿ, ವಾಲ್ಯೂಮನ್ನು ಬಟನ್ ನೋಡಿ ಅಲ್ಲ, ಕಿವಿಯಿಂದ ಸಮ ಮಾಡಿ. ಮೊಬೈಲನ್ನು ಸ್ಟೀಲ್ ಲೋಟದೊಳಗೆ ಇಟ್ಟು ಹಾಡು ಕೇಳುವವರೂ ಇದ್ದಾರೆ. ಕೇಳಲಿ, ಬೇಡ ಅನ್ನುವುದಿಲ್ಲ. ಆದರೆ ಅದರಲ್ಲಿ ತಬಲಾದ ಡಗ್ಗಾ, ಅಂದರೆ ಜೋಡಿಯಲ್ಲಿ ದಪ್ಪ ದನಿಯದು, ಕೇಳುವುದೇ ಇಲ್ಲ. ಡಗ್ಗಾ ಕೇಳದವನು ತಬಲಜಿಗೆ ಮಾರ್ಕು ಕೊಡುವುದು ಹೇಗೆ?

ಗುಮ್ಮಟದೊಳಗೆ ಎಲ್ಲರೂ ಗವಾಯಿಗಳೇ

ಮಾರ್ದನಿ ಇದ್ದ ಕಡೆ ಯಾರ ದನಿಯೂ ಛಲೋ ಕೇಳುತ್ತದೆ ಅಂತ ಬಾಯಿಮಾತಿನಲ್ಲಿ ಹೇಳಿದರೆ ಅಕ್ಕನ ಮಗ ನಂಬಲಿಲ್ಲ. ಒಂದು ದಿನ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದೆ. ಮೂಲೆಯ ಮಿನಾರಿನ ಏಳು ಅಂತಸ್ತು ಹತ್ತುವಷ್ಟರಲ್ಲಿ ನನ್ನ ಮೊಣಕಾಲು ಹಾಡತೊಡಗಿದ್ದವು. ಪ್ರವಾಸದ ಬಸ್ಸುಗಳು ಇನ್ನೂ ಬಂದಿರಲಿಲ್ಲ. ಒಳಗಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ನಾವಿಬ್ಬರು, ಒಂದಷ್ಟು ಪಾರಿವಾಳ, ಇಷ್ಟೇ.

"ಹಾಡು" ಅಂದೆ.

"ನನಗ ಹಾಡಾಕ ಬರಂಗಿಲ್ಲ ಮಾಮಾ."

"ಅದಕ್ಕಽ ಕರ್ಕೊಂಡು ಬಂದೀನಿ. ಬರೇ 'ಆ' ಅನ್ನು."

ಅವನು ನಾಚಿಕೊಂಡು ಗೋಡೆ ಕಡೆ ಮುಖ ಮಾಡಿ ಮೆಲ್ಲಗೆ 'ಆ' ಅಂದ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿಯ ಮೇಲಿನ ಆ ಗುಮ್ಮಟ, ಹೊರ ಅಳತೆ 44 ಮೀಟರ್ ಅಡ್ಡಗಲ, ಹುಡುಗನ ತೆಳ್ಳನೆಯ ದನಿಯನ್ನು ಎತ್ತಿಕೊಂಡು ಸುತ್ತು ಹಾಕಿಸಿತು. ಒಂದರ ಮೇಲೊಂದು ಮಡಿಕೆ ಬಿದ್ದು ದನಿ ದಪ್ಪಗಾಯಿತು, ಅದರ ಹುಳುಕೆಲ್ಲ ಮುಚ್ಚಿಹೋಯಿತು. ಶ್ರುತಿ ತುಸು ಇಳಿದಿತ್ತು, ಗೊತ್ತೇ ಆಗಲಿಲ್ಲ. ಹುಡುಗನ ಕಣ್ಣು ಅರಳಿದವು. ಇನ್ನೊಂದು ಸಲ ಅಂದ, ಈ ಸಲ ಕೈಯನ್ನೂ ಮೇಲೆತ್ತಿ. ನೋಡಿ, ಎರಡೇ ನಿಮಿಷದಲ್ಲಿ ಗವಾಯಿಯ ಹಾವಭಾವ ಬಂದುಬಿಟ್ಟಿತು.

ಆಮೇಲೆ ಬಾಗಿಲು ದಾಟಿ ಹೊರಗಿನ ಮಾಳಿಗೆಗೆ ಬಂದೆವು. ಗಾಳಿ ಬೀಸುತ್ತಿತ್ತು. "ಈಗ ಅನ್ನು" ಅಂದೆ. ಅದೇ 'ಆ' ಅಂದ. ಬಾಯಿಂದ ಹೊರಟದ್ದು ಗಾಳಿಯಲ್ಲಿ ಎಲ್ಲಿ ಹೋಯಿತೋ. ನಾವಿಬ್ಬರೂ ನಕ್ಕೆವು.

ನನ್ನ ಮಿಕ್ಸರಿನಲ್ಲಿ ಎಕೋ ಅನ್ನುವ ಗುಂಡಿ ಇದೆ. ಅದು ಆ ಗುಮ್ಮಟವೇ, ಅಂಗೈಯಲ್ಲಿ ಹಿಡಿಸುವಷ್ಟು. ಸ್ಟೇಜಿಗೆ ಬಂದ ಅರ್ಧಕ್ಕರ್ಧ ಗಾಯಕರು ಮೊದಲು ಕೇಳುವುದು, "ಅಣ್ಣಾರ, ಸ್ವಲ್ಪ ಎಕೋ ಬಿಡ್ರಿ." ಒಂದು ಹದದವರೆಗೆ ಬೇಕು, ಇಲ್ಲದಿದ್ದರೆ ದನಿ ಒಣ ರೊಟ್ಟಿ. ಹದ ಮೀರಿದರೆ ಯಾರು ಹಾಡಿದರೂ ಒಂದೇ. ಆದ್ದರಿಂದ ದೊಡ್ಡ ಹೆಸರನ್ನು ತೂಗುವಾಗ ಎಕೋ ಇಲ್ಲದ ಜಾಗದಲ್ಲಿ ಅವರನ್ನು ಹಿಡಿಯಿರಿ. ರೇಡಿಯೋ ಸ್ಟುಡಿಯೋದ ಧ್ವನಿಮುದ್ರಣ, ಮನೆಯಲ್ಲಿ ಬರೇ ಪೇಟಿ (ಹಾರ್ಮೋನಿಯಂ) ಇಟ್ಟುಕೊಂಡು ಹಾಡಿದ್ದು, ರಿಹರ್ಸಲ್ಲಿನ ತುಣುಕು. ಹುಡುಕಿದರೆ ಸಿಗುತ್ತವೆ. ಅಲ್ಲಿ ನಿಂತರೆ ಹಾಡುಗಾರ.

ಎಕೋಗಿಂತ ಜಾಣ ಯಂತ್ರ ಆಟೋ-ಟ್ಯೂನ್. 1997ರಲ್ಲಿ ಬಂತು. ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮೊದಲು ಎಣ್ಣೆ ಕಂಪನಿಗಳಿಗಾಗಿ ನೆಲದೊಳಕ್ಕೆ ಸದ್ದಿನ ಅಲೆ ಬಿಟ್ಟು, ವಾಪಸ್ ಬಂದದ್ದನ್ನು ಲೆಕ್ಕ ಹಾಕುವ ಕೆಲಸದಲ್ಲಿದ್ದವನು. ನೆಲದ ಕೆಳಗೆ ಎಣ್ಣೆ ಹುಡುಕುವ ಗಣಿತದಿಂದಲೇ ಗಂಟಲಿನ ತಪ್ಪು ಶ್ರುತಿಯನ್ನೂ ಹುಡುಕಿ ಸರಿ ಜಾಗಕ್ಕೆ ಎಳೆದ. ಕೇಳಿ ಹಿಡಿಯುವುದು ಹೇಗೆ? ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ಜಾಗ ಗಮನಿಸಿ. ಮನುಷ್ಯರ ಗಂಟಲು ಜಾರಿಕೊಂಡು ಹೋಗುತ್ತದೆ, ನಮ್ಮವರು ಅದಕ್ಕೇ ಮೀಂಡ್ ಅನ್ನುವುದು. ಯಂತ್ರವನ್ನು ಬಿಗಿಯಾಗಿ ಇಟ್ಟರೆ ಮೆಟ್ಟಿಲು ಹತ್ತಿದ ಹಾಗೆ ಟಕ್ ಟಕ್ ಅಂತ ಹೋಗುತ್ತದೆ. ಹಾಗಂತ ಕೇಳಿಸಿದ ಕೂಡಲೇ ಕಳ್ಳ ಅನ್ನಬೇಡಿ. 1998ರಲ್ಲಿ ಶೇರ್ ಅನ್ನುವ ಗಾಯಕಿ ಬೇಕಂತಲೇ, ಎಲ್ಲರಿಗೂ ಕೇಳುವ ಹಾಗೆ ಅದನ್ನು ಬಳಸಿದಳು. ಬಣ್ಣ ಹಚ್ಚಿಕೊಂಡೇ ಬಂದ ಪಾತ್ರಧಾರಿಗೆ ಬಣ್ಣ ಹಚ್ಚಿದ್ದೀ ಅಂತ ಯಾರಾದರೂ ಬೈಯುತ್ತಾರೆಯೇ?

ಪೆನ್ ಡ್ರೈವಿನ ರಾತ್ರಿ

ಈಗ ನನ್ನ ಕಥೆ. ಊರು ಬೇಡ, ಹೆಸರು ಬೇಡ. ಕೃಷ್ಣಾ ತೀರದ ಒಂದು ಹಳ್ಳಿಯ ಜಾತ್ರೆ. ಯೂಟ್ಯೂಬಿನಲ್ಲಿ ಕೋಟಿ ವ್ಯೂ ಇರುವ ಗಾಯಕ ಬರಬೇಕೆಂದು ಹುಡುಗರ ಹಟ. ಕಮಿಟಿಯವರು ಮನೆ ಮನೆ ಪಟ್ಟಿ ಎತ್ತಿ ಒಂದೂವರೆ ಲಕ್ಷಕ್ಕೆ ಮಾತಾಡಿದ್ದರು. ಒಂಬತ್ತಕ್ಕೆ ಬರಬೇಕಾದವನು ಬಂದದ್ದು ಹನ್ನೊಂದೂವರೆಗೆ. ಸೌಂಡ್ ಚೆಕ್ ಇಲ್ಲ. ಜತೆಗೆ ವಾದ್ಯದವರೂ ಇಲ್ಲ. ಅವನ ಹುಡುಗನೊಬ್ಬ ಓಡಿ ಬಂದು ನನ್ನ ಕೈಗೆ ಒಂದು ಪೆನ್ ಡ್ರೈವ್ ಕೊಟ್ಟ. "ಅಣ್ಣಾ, ಎರಡನೇದ್ದು ಹಚ್ಚು."

ಹಚ್ಚಿದೆ. ಹೊಗೆ ಬಿಟ್ಟರು, ಲೈಟು ತಿರುಗಿದವು, ಅವನು ಓಡುತ್ತ ಬಂದ. ಸೀಟಿಯೋ ಸೀಟಿ. ಹಾಡು ಶುರುವಾಯಿತು, ದನಿ ಗುಂಡು ಹೊಡೆದ ಹಾಗೆ. ನಾನೂ ತಲೆದೂಗಿದೆ. ಅರ್ಧ ಹಾಡು ದಾಟಿದ ಮೇಲೆ ಮಿಕ್ಸರಿನ ಮೇಲೆ ಕಣ್ಣು ಬಿತ್ತು. ಅವನ ಮೈಕಿನ ಫೇಡರ್, ಅಂದರೆ ದನಿ ಏರಿಸಿ ಇಳಿಸುವ ಗುಂಡಿ, ತಳದಲ್ಲೇ ಇತ್ತು. ಗಡಿಬಿಡಿಯಲ್ಲಿ ನಾನು ಅವನ ಚಾನಲ್ ತೆರೆದೇ ಇರಲಿಲ್ಲ! ಅವನು ಕತ್ತು ಉಬ್ಬಿಸಿ ಹಾಡುತ್ತಿದ್ದಾನೆ, ಮೈಕನ್ನು ಜನರ ಕಡೆ ಚಾಚುತ್ತಿದ್ದಾನೆ, ದನಿ ಬರುತ್ತಿರುವುದು ಪೆನ್ ಡ್ರೈವಿನಿಂದ.

ತಪ್ಪು ನನ್ನದು, ತಿದ್ದೋಣ ಅಂತ ಫೇಡರ್ ಮೆಲ್ಲಗೆ ಏರಿಸಿದೆ. ಏರಿಸಬಾರದಿತ್ತು. ಒಬ್ಬನೇ ಮನುಷ್ಯನ ಎರಡು ದನಿ: ಒಂದು ಸ್ಟುಡಿಯೋದ್ದು, ಇನ್ನೊಂದು ಅದರ ಹಿಂದೆ ಏದುಸಿರು ಬಿಡುತ್ತ, ಅರ್ಧ ಸ್ವರ ಕೆಳಗೆ ಓಡುವುದು. ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ, "ಯಾರೋ ಇವ ನಡಬರಕ ಬಾಯಿ ಹಾಕಾಂವ?" ಅಂದಳು. ಮತ್ತೆ ಇಳಿಸಿದೆ. ಕಾರ್ಯಕ್ರಮ ಸಾಂಗವಾಗಿ ಮುಗಿಯಿತು.

ಇದೇನು ಹೊಸದಲ್ಲ. ಮಿಲಿ ವನಿಲಿ ಅನ್ನುವ ಜೋಡಿಗೆ 1989ರಲ್ಲಿ ಅಮೆರಿಕದ ಒಂದು ಕಾರ್ಯಕ್ರಮದಲ್ಲಿ ಮೊದಲೇ ರೆಕಾರ್ಡ್ ಮಾಡಿಟ್ಟ ಟ್ರ್ಯಾಕ್ ಸಿಕ್ಕಿಕೊಂಡು ಒಂದೇ ತುಣುಕು ಮತ್ತೆ ಮತ್ತೆ ಬಂತು, ಒಬ್ಬ ಸ್ಟೇಜು ಬಿಟ್ಟು ಓಡಿಹೋದ. ಅಷ್ಟಾದರೂ 1990ರಲ್ಲಿ ಅವರಿಗೆ ಗ್ರ್ಯಾಮಿ ಪ್ರಶಸ್ತಿ ಕೊಟ್ಟರು. ಅದೇ ವರ್ಷ, ರೆಕಾರ್ಡಿನಲ್ಲಿ ಹಾಡಿದವರು ಇವರು ಅಲ್ಲವೇ ಅಲ್ಲ ಅಂತ ಬಯಲಾಗಿ ವಾಪಸ್ ತೆಗೆದುಕೊಂಡರು. ನಮ್ಮವನ ವಿಷಯದಲ್ಲಿ ರೆಕಾರ್ಡಿನ ದನಿಯಾದರೂ ಅವನದೇ ಇತ್ತು, ಅಷ್ಟು ವಾಸಿ.

ಅದೇ ರಾತ್ರಿ ಅವನು ಬರುವವರೆಗೆ ಜನರನ್ನು ಹಿಡಿದಿಟ್ಟವರು ಯಾರು ಗೊತ್ತೇ? ಎಂಟು ಸಾವಿರಕ್ಕೆ ಬಂದಿದ್ದ ಹರದೇಶಿ-ನಾಗೇಶಿ ಮೇಳದವರು. ಗಂಡು ಹೆಚ್ಚು ಅಂತ ಒಂದು ಕಡೆ, ಹೆಣ್ಣು ಹೆಚ್ಚು ಅಂತ ಇನ್ನೊಂದು ಕಡೆ. ಸವಾಲು ಬಿದ್ದರೆ ಅಲ್ಲೇ ನಿಂತು ಪದ ಕಟ್ಟಿ ಜವಾಬು ಕೊಡಬೇಕು. ಪೆನ್ ಡ್ರೈವಿನಲ್ಲಿ ಜವಾಬು ತರಲಾಗುವುದಿಲ್ಲ. ನಾಗೇಶಿ ಕಡೆಯ ಹೆಣ್ಣುಮಗಳು ದಪ್ಪು ಬಡಿಯುತ್ತ ಮೈಕಿನಿಂದ ಒಂದು ಮಾರು ದೂರ ನಿಂತಿದ್ದಳು. "ಹತ್ತರ ಬರ್ರಿ ಅಕ್ಕಾರ" ಅಂದೆ. "ನಿಮ್ಮ ಡಬ್ಬಿ ಒಡದೀತರೀ" ಅಂದಳು. ನಿಜವಾಗಿಯೂ ಆಕೆಯ ಚಾನಲ್ಲಿನಲ್ಲಿ ದನಿ ಮಿತಿ ಮೀರಿದರೆ ಹತ್ತುವ ಕೆಂಪು ದೀಪ ಆರುತ್ತಲೇ ಇರಲಿಲ್ಲ.

ಲೆಕ್ಕಗಳನ್ನು ಲೆಕ್ಕಕ್ಕೆ ಇಡಬೇಡಿ

ವ್ಯೂ, ಪ್ರಶಸ್ತಿ, ದಾಖಲೆ, ಇವು ಹವಾ ಎಷ್ಟಿದೆ ಅಂತ ಹೇಳುತ್ತವೆ, ಅಷ್ಟಕ್ಕೆ ಉಪಯೋಗ. ಲತಾ ಮಂಗೇಶ್ಕರ್ 1948ರಿಂದ 1974ರೊಳಗೆ 25,000ಕ್ಕೂ ಹೆಚ್ಚು ಹಾಡು ಹಾಡಿದ್ದಾರೆ ಅಂತ ಗಿನ್ನೆಸ್ ಪುಸ್ತಕ 1974ರಲ್ಲಿ ಅಚ್ಚು ಹಾಕಿತು. ಮೊಹಮ್ಮದ್ ರಫಿ ತಕರಾರು ತೆಗೆದರು, ತಮ್ಮದೇ ಹೆಚ್ಚು ಅಂದರು. ಕೊನೆಗೆ 1991ರಲ್ಲಿ ಆ ದಾಖಲೆಯನ್ನೇ ಕೈಬಿಟ್ಟರು. ಇಬ್ಬರದೂ ಉಬ್ಬಿದ ಲೆಕ್ಕ ಅಂತ ಹಾಡಿನ ಪಟ್ಟಿ ಮಾಡುವವರು ಹೇಳುತ್ತಾರೆ. ಲತಾ ಲತಾನೇ, ರಫಿ ರಫೀನೇ. ಆದರೆ "ಇಪ್ಪತ್ತೈದು ಸಾವಿರ ಹಾಡ್ಯಾರ, ಅದಕ್ಕಽ ದೊಡ್ಡವರು" ಅನ್ನುವವನ ಕಿವಿಗೆ ಹಾಡು ಬಿದ್ದಿಲ್ಲ, ಅಂಕಿ ಬಿದ್ದಿದೆ.

ಹವಾವನ್ನು ಕೊಳಾಯಿ ಹಾಕಿ ಬಿಟ್ಟರೂ ಜನ ಕುಡಿಯುವುದಿಲ್ಲ ಅನ್ನುವುದಕ್ಕೂ ಒಂದು ಉದಾಹರಣೆ ಇದೆ. 2014ರಲ್ಲಿ ಯುಟೂ ಬ್ಯಾಂಡಿನ ಹೊಸ ಆಲ್ಬಮನ್ನು ಆಪಲ್ ಕಂಪನಿ ಐಟ್ಯೂನ್ಸ್ ಇಟ್ಟುಕೊಂಡವರಿಗೆಲ್ಲ, ಸುಮಾರು 50 ಕೋಟಿ ಖಾತೆಗಳಿಗೆ, ಕೇಳದೇ ಬಿಟ್ಟಿ ಹಾಕಿತು. ಜನ ಬೈದ ಬೈಗುಳಕ್ಕೆ ಒಂದೇ ವಾರದಲ್ಲಿ ಅದನ್ನು ಅಳಿಸಿಹಾಕುವ ದಾರಿಯನ್ನೂ ಕೊಡಬೇಕಾಯಿತು.

ನಮ್ಮೂರಲ್ಲಿ ಹವಾದ ಇತಿಹಾಸ ಇನ್ನೂ ಹಳೆಯದು. ಎರಡನೇ ಇಬ್ರಾಹಿಂ ಆದಿಲ್ ಶಾಹ ಸ್ವತಃ ಪದ ಕಟ್ಟುತ್ತಿದ್ದ, ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ. ಸುಲ್ತಾನ ತಂಬೂರಿ ಹಿಡಿದು ಕುಳಿತರೆ ದರ್ಬಾರಿನಲ್ಲಿ ಓವರ್‌ರೇಟೆಡ್ ಅನ್ನುವ ಗಂಡಸು ಯಾರಿದ್ದ? ಛಲೋ ಹಾಡುತ್ತಿದ್ದನೋ ಏನೋ, ನಮಗೆ ಕೇಳುವ ದಾರಿ ಇಲ್ಲ. ಹೊಗಳಿದವರ ಮಾತಷ್ಟೇ ಉಳಿದಿದೆ.

ಆ ಕಾಲಕ್ಕೆ ಹೋಗಿ ಬನ್ನಿ

ಅಕ್ಕನ ಮಗನೂ ಶಾಣ್ಯಾ ಏನಲ್ಲ. ಇಂಗ್ಲೆಂಡಿನ ಹಳೆಯ ಬ್ಯಾಂಡು ಬೀಟಲ್ಸ್ ಓವರ್‌ರೇಟೆಡ್ ಅನ್ನುವುದು ಅವನ ವಾದ. "ಎಲ್ಲಾ ಬ್ಯಾಂಡೂ ಹಿಂಗಽ ಹಾಡ್ತಾವಲ್ಲ ಮಾಮಾ, ಇವರದೇನು ಹೆಚ್ಚು?" ಈಗಿನವರೆಲ್ಲ ಹೀಗೆ ಹಾಡುವುದು ಅವರಿಂದ ಕಲಿತು ಅನ್ನುವುದು ಅವನ ತಲೆಗೆ ಹೋಗಲಿಲ್ಲ. ಇದಕ್ಕೆ ಮದ್ದು: ಯಾವ ವರ್ಷದ ಹಾಡೋ ಅದೇ ವರ್ಷ ಬಂದ ಬೇರೆಯವರ ಹಾಡು ನಾಲ್ಕು ಕೇಳಿ, ಆಮೇಲೆ ಇವರದು ಕೇಳಿ. 1962ರಲ್ಲಿ ಡೆಕ್ಕಾ ಕಂಪನಿ ಇದೇ ಬೀಟಲ್ಸ್‌ನವರ ಹಾಡು ಕೇಳಿ ಬೇಡ ಅಂತ ವಾಪಸ್ ಕಳಿಸಿತ್ತು.

ನನಗೆ ಅವರ ಮೇಲೆ ಪ್ರೀತಿ ಬಂದದ್ದು ಹಾಡಿನಿಂದ ಅಲ್ಲ, ಮೈಕಿನ ಕಷ್ಟದಿಂದ. 1965ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ ಸುಮಾರು 55,600 ಜನರ ಮುಂದೆ ಹಾಡಿದರು. ಗಿಟಾರಿಗೆ ನೂರು ವ್ಯಾಟಿನ ಪೆಟ್ಟಿಗೆಗಳು, ದನಿಗೆ ಬೇಸ್‌ಬಾಲ್ ಆಟದ ಪ್ರಕಟಣೆ ಹೇಳುವ ಸ್ಪೀಕರುಗಳು. ಹಾಡುವವರಿಗೆ ತಮ್ಮ ದನಿ ತಮಗೆ ಕೇಳಿಸುವ ಸ್ಪೀಕರ್, ಅಂದರೆ ಮಾನಿಟರ್, ಇಲ್ಲ. ಹುಡುಗಿಯರ ಕಿರುಚಾಟದಲ್ಲಿ ತಮ್ಮ ಹಾಡು ತಮಗೇ ಕೇಳದು. ಡ್ರಮ್ಮಿನ ರಿಂಗೊ ಮುಂದಿನವರ ಮೈ ಅಲುಗುವುದನ್ನು ನೋಡಿಕೊಂಡು ಲಯ ಹಿಡಿಯುತ್ತಿದ್ದ. ಇವತ್ತು ನಾವು ಹಳ್ಳಿಯ ರಸಮಂಜರಿಗೂ ನಾಲ್ಕು ಮಾನಿಟರ್ ಇಡುತ್ತೇವೆ! ಮುಂದಿನ ವರ್ಷದ ಆಗಸ್ಟಿಗೆ ಅವರು ಊರೂರು ತಿರುಗಿ ಹಾಡುವುದನ್ನೇ ನಿಲ್ಲಿಸಿ ಸ್ಟುಡಿಯೋ ಸೇರಿದರು. 1967ರಲ್ಲಿ ನಾಲ್ಕೇ ಟ್ರ್ಯಾಕಿನ, ಅಂದರೆ ಬೇರೆ ಬೇರೆ ದನಿ ಹಿಡಿಯಲು ನಾಲ್ಕೇ ದಾರಿ ಇರುವ ಯಂತ್ರದಲ್ಲಿ ಅವರು ಮಾಡಿದ ಕೆಲಸ ಕೇಳಿಸಿದೆ. ಹುಡುಗ ಹೆಡ್‌ಫೋನ್ ತೆಗೆದು, "ನಾಲ್ಕಽ?" ಅಂದ. ನನ್ನ ಮಿಕ್ಸರಿನಲ್ಲಿ ಇಪ್ಪತ್ತನಾಲ್ಕು ಚಾನಲ್ ಇವೆ, ನನ್ನ ಕೈಯಲ್ಲಿ ಸಿಕ್ಕು ಅವು ಏನು ಮಾಡಿವೆ ಅಂತ ಅವನಿಗೆ ಗೊತ್ತು.

ಹವಾ ಇತ್ತು, ನಿಜ. ಹವಾ ಇದ್ದ ಮಾತ್ರಕ್ಕೆ ಹಾಡು ಇಲ್ಲ ಅನ್ನಲಾಗದು. ಇದನ್ನು ನಾನು ಕಲಿತದ್ದು ಬಹಳ ಮೊದಲೇ, ನಾಚಿಕೆಯಿಂದ.

ಇಪ್ಪತ್ತರ ವಯಸ್ಸಿನಲ್ಲಿ ಬೆಳಗಾವಿಯಲ್ಲಿ ಒಂದು ಸೌಂಡ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅಲ್ಲಿಗೆ ಬರುತ್ತಿದ್ದ ಒಬ್ಬ ಪೇಟಿ ಮಾಸ್ತರರು ಹಿಂದುಸ್ತಾನಿ ಗವಾಯಿ ಕುಮಾರ ಗಂಧರ್ವರ ಕ್ಯಾಸೆಟ್ ಹಚ್ಚಿಸುತ್ತಿದ್ದರು. ಉದ್ದನೆಯ ತಾನು ಬಿಟ್ಟರೆ ಮಾತ್ರ ಗವಾಯಿ ಅಂತ ನನ್ನ ತಿಳಿವಳಿಕೆ. "ಇದೇನ್ರಿ ಮಾಸ್ತರ, ತುಂಡ ತುಂಡ ಹಾಡ್ತಾರ, ಇದಕ್ಕ ಇಷ್ಟ ಹೆಸರ್ಯಾಕ?" ಅಂದೆ.

ಮಾಸ್ತರು ಸಿಟ್ಟಾಗಲಿಲ್ಲ, ಕುಮಾರ ಗಂಧರ್ವರ ಕಥೆ ಹೇಳಿದರು. ಇಲ್ಲೇ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರಯ್ಯ ಕೊಂಕಾಳಿಮಠ ಅನ್ನುವ ಹುಡುಗ, ಎಳೆ ವಯಸ್ಸಿಗೇ ದೊಡ್ಡ ದೊಡ್ಡವರ ಗಾಯನವನ್ನು ಹಾಗೇ ಹಾಡಿ ತೋರಿಸಿ ಗಂಧರ್ವ ಅನ್ನಿಸಿಕೊಂಡವನು. ಇಪ್ಪತ್ಮೂರು ಇಪ್ಪತ್ನಾಲ್ಕಕ್ಕೆ ಕ್ಷಯ ಹಿಡಿಯಿತು. ಹವೆಗಾಗಿ ಮಧ್ಯಪ್ರದೇಶದ ದೇವಾಸಕ್ಕೆ ಹೋಗಿ ವರ್ಷಗಟ್ಟಲೆ ಹಾಸಿಗೆ, ಹಾಡಬೇಡ ಅಂತ ಡಾಕ್ಟರು. ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಾಯಿತು. ಮಲಗಿದಲ್ಲಿಂದಲೇ ಮಾಳವಾದ ಹೆಂಗಸರ, ಭಿಕ್ಷೆ ಬೇಡುವವರ ಹಾಡು ಕೇಳಿಸಿಕೊಂಡರು. 1953ರಲ್ಲಿ ಮತ್ತೆ ಸ್ಟೇಜು ಹತ್ತಿದಾಗ ಹಾಡುವ ರೀತಿಯೇ ಬೇರೆಯಾಗಿತ್ತು. ಇಷ್ಟನ್ನು ಹೇಳಿ ಮಾಸ್ತರು, "ಈಗ ತುಂಡಿನ ನಡುವ ಏನ್ ಅದ ಕೇಳು" ಅಂದರು. ಕ್ಯಾಸೆಟ್ ತಿರುಗಿಸಿ ಹಚ್ಚಿದೆ. ತುಂಡುಗಳ ನಡುವೆ ತಂಬೂರಿ ಇತ್ತು. ಅವರು ನಿಲ್ಲಿಸಿದ ಸ್ವರ ಅದರೊಳಗೆ ಇನ್ನೂ ಇತ್ತು.

ಅಂದಮೇಲೆ ಇನ್ನೊಂದು ಪಟ್ಟಿಯನ್ನೂ ಇಟ್ಟುಕೊಳ್ಳಿ: ಹಾಡು ಇದ್ದು ಹವಾ ಇಲ್ಲದವರದು. ನನ್ನದರಲ್ಲಿ ಮೊದಲ ಹೆಸರು ನಮ್ಮ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ. 1943ರಲ್ಲಿ ಇಡೀ ದೇಶವೇ ಆಕೆಯ ಹಿಂದಿ ಹಾಡು ಕೇಳುತ್ತಿತ್ತು. ವಿಜಯಪುರದ ಹಳಬರಿಗೆ ಅಮೀರ್ ಟಾಕೀಸ್ ಗೊತ್ತು, ಅಮೀರ್ ಯಾರು ಅಂದರೆ ತಲೆ ಕೆರೆದುಕೊಳ್ಳುತ್ತಾರೆ.

ಜಾತ್ರೆ ಕಮಿಟಿಯವರಿಗೆ

ಇಸಾರ ಕೊಡುವ ಮೊದಲು ಇಷ್ಟು ಕೇಳಿ. ವಾದ್ಯದವರು ಎಷ್ಟು ಮಂದಿ ಬರುತ್ತಾರೆ, ಯಾವ ವಾದ್ಯ? ಟ್ರ್ಯಾಕ್ ಮೇಲೆ ಹಾಡುವುದಾದರೆ ದನಿ ತೆಗೆದ ಟ್ರ್ಯಾಕೋ, ದನಿ ಇರುವ ಟ್ರ್ಯಾಕೋ? ಸಂಜೆ ಐದಕ್ಕೆ ಸೌಂಡ್ ಚೆಕ್ಕಿಗೆ ಬರುತ್ತಾರೋ ಇಲ್ಲವೋ? ಕೊನೆಯದಕ್ಕೆ ಉತ್ತರ "ನೋಡೋಣ್ರಿ" ಅಂತಾದರೆ ದುಡ್ಡು ಜೇಬಿನಲ್ಲೇ ಇರಲಿ. ಎಲ್ಲ ಒಪ್ಪಿದರೆ ಕಾಗದದ ಮೇಲೆ ಬರೆಸಿ, ಅರ್ಧ ಹಣ ಕಾರ್ಯಕ್ರಮ ಮುಗಿದ ಮೇಲೆ ಅನ್ನಿ. ಈಚೆಗೆ ಜನರ ಮುಂದೆ ನಿಂತು ಹಾಡಿದ ವಿಡಿಯೋ ಕೇಳಿ, ಅದೂ ಯಾರೋ ನೋಡುಗರು ಮೊಬೈಲಿನಲ್ಲಿ ಹಿಡಿದದ್ದು. ಅವರೇ ಕಳಿಸಿದ್ದು ಬೇಡ.

ಸೌಂಡ್ ಚೆಕ್ ದಿನ ನಿಮ್ಮ ಮೈಕಿನವನ ಪಕ್ಕ ನಿಂತು, "ಒಂದ್ ನಿಮಿಷ ಎಕೋ ಪೂರ್ತಿ ಇಳಸು" ಅನ್ನಿ. ಗಾಯಕನ ಮುಖ ನೋಡಿ. ಅರ್ಧ ಉತ್ತರ ಅಲ್ಲೇ ಇರುತ್ತದೆ.

ಇನ್ನು ಬಾಯಿಬಿಟ್ಟು ಹೇಳುವ ರೀತಿ. 'ನನಗೆ ಹಿಡಿಸಲಿಲ್ಲ' ಬೇರೆ, 'ಓವರ್‌ರೇಟೆಡ್' ಬೇರೆ. ಮೊದಲನೆಯದು ನಿಮ್ಮ ಕಿವಿಯ ಮಾತು, ಯಾರಿಗೂ ಪುರಾವೆ ಕೊಡಬೇಕಿಲ್ಲ. ಎರಡನೆಯದು ಬೆಲೆಯ ಮಾತು: ಇಷ್ಟು ಹೆಸರಿಗೆ, ಇಷ್ಟು ದುಡ್ಡಿಗೆ ಇಷ್ಟು ಹಾಡು ಸಾಲದು ಅಂತ. ಅದನ್ನು ಅನ್ನಬೇಕೆಂದರೆ ಯಾವ ಹಾಡು, ಯಾವ ಜಾಗ, ಏನು ತಪ್ಪು ಅಂತ ಬೆರಳಿಟ್ಟು ತೋರಿಸಬೇಕು. ಮದುವೆಯ ಪಂಕ್ತಿಯಲ್ಲಿ ಮಾತ್ರ ಅನ್ನಬೇಡಿ. ನಾನೊಮ್ಮೆ ಅಂದು, ಎರಡನೇ ಸಲ ಬಡಿಸಲು ಬಂದ ಹೋಳಿಗೆ ನನ್ನ ಎಲೆ ದಾಟಿಕೊಂಡು ಹೋಯಿತು. ಬಡಿಸುತ್ತಿದ್ದವನು ಆ ಗಾಯಕನ ಅಭಿಮಾನಿ ಸಂಘದ ಖಜಾಂಚಿ.

ಕೋಲ್ಡ್‌ಪ್ಲೇ ಏನಾಯಿತು? 2025ರ ಜನವರಿ 26ರಂದು ಅಹಮದಾಬಾದಿನ ಕಾರ್ಯಕ್ರಮ ಹಾಟ್‌ಸ್ಟಾರಿನಲ್ಲಿ ನೇರವಾಗಿ ಬಂತು. ಅಂಗಡಿಯ ಶಟರ್ ಅರ್ಧ ಇಳಿಸಿ, ಅಕ್ಕನ ಮಗನ ಲ್ಯಾಪ್‌ಟಾಪಿಗೆ ನನ್ನ ಎರಡು ದೊಡ್ಡ ಪೆಟ್ಟಿಗೆ ಜೋಡಿಸಿದೆ. ಅಷ್ಟರಲ್ಲಿ ನನ್ನ ಮೂರು ಹಾಡುಗಳೂ ಆಗಿದ್ದವು, 2000ದ ಮೊದಲ ಆಲ್ಬಮ್ಮಿನದೂ ಸೇರಿ. ಲಕ್ಷ ಜನರ ಕೈಯಲ್ಲಿ ಬಣ್ಣ ಬಣ್ಣದ ಪಟ್ಟಿ ಮಿನುಗುತ್ತಿದ್ದವು, ಎಲ್ಲೋ ಕುಳಿತ ಒಬ್ಬ ಎಲ್ಲವನ್ನೂ ಒಟ್ಟಿಗೆ ಕೆಂಪು, ಒಟ್ಟಿಗೆ ಹಳದಿ ಮಾಡುತ್ತಿದ್ದ. ಅದು ಹವಾ, ನನಗೆ ಅನುಮಾನವಿಲ್ಲ. ಆದರೆ ಅವರ ಹಾಡುಗಾರ ಕ್ರಿಸ್ ಮಾರ್ಟಿನ್ ಪಿಯಾನೊ ಮುಂದೆ ಒಬ್ಬನೇ ಕುಳಿತಾಗ ದನಿ ಒಂದು ಕಡೆ ಸಣ್ಣಗೆ ಒಡೆಯಿತು. ಪೆನ್ ಡ್ರೈವ್ ಹಾಗೆ ಒಡೆಯುವುದಿಲ್ಲ. "ಹಾಡ್ತಾನೋ" ಅಂದೆ. ಹುಡುಗ ತಿರುಗಿಯೂ ನೋಡಲಿಲ್ಲ, ಕೈ ಎತ್ತಿ ವಾಲ್ಯೂಮ್ ಏರಿಸು ಅಂದ.

ಏರಿಸಿದೆ. ಐದು ನಿಮಿಷಕ್ಕೆ ಪಕ್ಕದ ಮನೆಯ ಕಾಕಾ ಶಟರಿನ ಕೆಳಗೆ ಬಗ್ಗಿ ಒಳಗೆ ಬಂದರು. ಬೈಯಲು ಬಂದಿದ್ದಾರೆ ಅಂತ ನಾನು ಫೇಡರ್ ಮೇಲೆ ಬೆರಳಿಟ್ಟೆ. ಅವರು ಒಂದು ಹಾಡು ಪೂರ್ತಿ ನಿಂತು ಕೇಳಿ, "ದನಿ ಛಲೋ ಅದ ತಮ್ಮಾ. ತಬಲಾದಾಂವ ಯಾಕ ಬಂದಿಲ್ಲ ಇವತ್ತ?" ಅಂದರು.